ಊತ ಇಳಿದ್ರ ಎಲುಬು ಉಳಿತಾವ

ನಮ್ಮ ಕಡೆ ಎಲುಬು ಸವೆಯುವುದಿಲ್ಲ, ಅರಗುತ್ತದೆ. ಆಂಧ್ರದ ಅಂಚಿನ ರಾಯದುರ್ಗದಲ್ಲಿ ಯಾರ ಮನೆಯ ಕಟ್ಟೆಯ ಮೇಲಾದರೂ ಕೂತು "ಮಂಡಿನೋವು ಹೆಂಗೈತ್ರಿ?" ಎಂದು ಕೇಳಿ ನೋಡಿ, "ಎಲುಬು ಅರಗ್ಯಾವ್ರೀ, ಏನ್ ಮಾಡಾಕಾಗ್ತೈತಿ" ಎಂದೇ ಉತ್ತರ ಬರುತ್ತದೆ. ಇದು ತೆಲುಗಿನಿಂದ ಬಂದದ್ದು. ತೆಲುಗಿನಲ್ಲಿ ಚಪ್ಪಲಿಯ ಅಟ್ಟೆ ಸವೆದರೂ ಅರಗುತ್ತದೆ, ತಿಂದ ಅನ್ನ ಜೀರ್ಣವಾದರೂ ಅರಗುತ್ತದೆ; ಎರಡಕ್ಕೂ ಅದೇ ಪದ. ಕನ್ನಡದಲ್ಲಿ ಅರಗುವುದು ಊಟ ಮಾತ್ರ. ಎರಡೂ ಭಾಷೆಗಳನ್ನು ಒಂದೇ ಬಾಯಲ್ಲಿ ಇಟ್ಟುಕೊಂಡ ನಮ್ಮ ಜನ ಆ ಪದವನ್ನು ತಂದು ಎಲುಬಿಗೆ ಹಚ್ಚಿದರು. ಹಚ್ಚಿದ ಮೇಲೆ ಕನ್ನಡದ ಅರ್ಥ ಸುಮ್ಮನಿರುತ್ತದೆಯೇ? ಎಲುಬನ್ನು ಯಾವುದೋ ಹೊಟ್ಟೆ ಕೂತು ಜೀರ್ಣಿಸಿಕೊಳ್ಳುತ್ತಿದೆ ಎಂದೇ ಎಲ್ಲರೂ ನಂಬಿದ್ದಾರೆ.

ಈ ಪದದ ಜೊತೆ ನಾನು ಇಪ್ಪತ್ತು ವರ್ಷ ಜಗಳವಾಡಿದ್ದೇನೆ. "ಅರಗಂಗಿಲ್ಲಬೇ ಅದು, ಸವೀತೈತಿ" ಎಂದು ಅವ್ವನಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. "ಆತವ್ವ, ಸವೀತೈತಿ" ಎಂದು ಅವಳು ಒಪ್ಪಿಕೊಳ್ಳುವುದು, ಮರುಗಳಿಗೆಗೆ ಪಕ್ಕದ ಮನೆಯವಳ ಮುಂದೆ "ನಂದು ಪೂರ್ತಿ ಅರಗಿ ಹೋಗೈತಿ ನೋಡ್ರಿ" ಎನ್ನುವುದು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ನಾನು ಓದಿದ್ದು ಔಷಧಶಾಸ್ತ್ರ. ಜಿಲ್ಲೆಯ ದೊಡ್ಡ ಊರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಅಲ್ಲಿನ ಪ್ರಾಣಿಶಾಲೆಯ ಉಸ್ತುವಾರಿ ನನ್ನದು. ಅಲ್ಲಿ ಬಿಳಿ ಇಲಿಗಳ ಹಿಂಗಾಲಿಗೆ ಒಂದು ಚುಚ್ಚುಮದ್ದು ಕೊಟ್ಟು, ವಾರಗಟ್ಟಲೆ ಇಳಿಯದ ಊತ ಬರಿಸುತ್ತೇವೆ. ಮನುಷ್ಯರ ಕೀಲುವಾತದಲ್ಲಿ ಬರುವಂಥದೇ ಊತ. ಅದು ದೇಹದಲ್ಲಿ ಠಿಕಾಣಿ ಹೂಡಿದ ಮೇಲೆ ಎಲುಬಿಗೆ ಏನಾಗುತ್ತದೆ, ಯಾವ ಔಷಧ ಕೊಟ್ಟರೆ ಎಲುಬು ಉಳಿಯುತ್ತದೆ ಎಂದು ನೋಡುವುದು ನಮ್ಮ ಕೆಲಸ. ಎಲುಬು ಎಂದರೆ ಕಲ್ಲಲ್ಲ. ಅದನ್ನು ಒಂದು ಕಡೆಯಿಂದ ಕರಗಿಸುವ ಕೋಶಗಳಿವೆ, ಇನ್ನೊಂದು ಕಡೆಯಿಂದ ಕಟ್ಟುವ ಕೋಶಗಳಿವೆ. ಆರೋಗ್ಯದಲ್ಲಿ ಎರಡೂ ಸರಿಸಮ ನಡೆಯುತ್ತವೆ. ಊತ ಬಹಳ ಕಾಲ ಉಳಿದರೆ ಕರಗಿಸುವವರ ಕೈ ಮೇಲಾಗುತ್ತದೆ. ಅದೂ ಊದಿದ ಕಾಲಿನಲ್ಲಷ್ಟೇ ಅಲ್ಲ, ದೂರದ ಬೆನ್ನೆಲುಬೂ ತೆಳ್ಳಗಾಗುತ್ತದೆ. ಇಷ್ಟನ್ನು ನೋಡುವುದಕ್ಕೆ ಅನುಮತಿ ಪತ್ರಗಳು, ಸಮಿತಿಗಳು, ತೂಕದ ಪುಸ್ತಕ, ಪ್ರತಿ ಸೋಮವಾರ ಪಾದದ ಅಳತೆ ಎಂದು ನೂರೆಂಟು ಶಿಸ್ತು.

ಇದನ್ನೆಲ್ಲ ಒಮ್ಮೆ ಅವ್ವನಿಗೆ ವಿವರಿಸಿದ್ದೆ. ಪೂರ್ತಿ ಕೇಳಿಸಿಕೊಂಡು, "ಇಲಿಗೆ ಯಾಕ ಊತ ಬರಸ್ತೀಯಬೇ? ಊತ ಬಂದ ಮನುಷ್ಯಾರು ನಮ್ಮ ಓಣಿ ತುಂಬ ಅದಾರಲ್ಲ, ಅವ್ರನ್ನ ನೋಡು" ಎಂದಳು. ಅಂದಿನಿಂದ ಓಣಿಯಲ್ಲಿ ನನ್ನ ಹೆಸರು ಇಲಿ ಡಾಕ್ಟ್ರು. ಪಿಎಚ್‌.ಡಿ. ಮುಗಿಸಿದಾಗ ಸಿಹಿ ಹಂಚಲು ಹೋದರೆ, ಎದುರು ಮನೆಯವರು ಪೇಡೆ ಬಾಯಿಗೆ ಹಾಕಿಕೊಂಡು, "ಇಲಿ ಕಾಟ ಭಾಳ ಆಗೇತ್ರಿ, ಏನಾರ ಔಷಧ ಇದ್ರ ಕೊಡ್ರಿ" ಎಂದು ಕೇಳಿದರು.

ಈ ಸಿಟ್ಟೆಲ್ಲ ಒಂದು ತೂಕವಾದರೆ, ನನ್ನ ಅಕ್ಕ ಬರಿಸಿದ ಸಿಟ್ಟು ಇನ್ನೊಂದು ತೂಕ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳು ಜೋಳದ ರೊಟ್ಟಿ ಬಡಿದರೆ ಓಣಿಯ ಹೆಂಗಸರು ಬಂದು ನಿಂತು ನೋಡುತ್ತಿದ್ದರು. ಅಷ್ಟು ತೆಳು, ಅಷ್ಟು ದುಂಡು. ಅವಳನ್ನು ಮಡಕಶಿರದಿಂದ ಹೇಮಾವತಿ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟರು. ಅಲ್ಲಿ ರೊಟ್ಟಿಯನ್ನು ಕೇಳುವವರಿಲ್ಲ, ರಾಗಿಮುದ್ದೆ ಆಗಬೇಕು. ರೊಟ್ಟಿಯ ಕೈ ಮುದ್ದೆಯ ಕೋಲು ಹಿಡಿಯಿತು. ಮಾತೂ ಹೊರಳಿತು. "ಹೌದ್ರಿ, ಬರ್ರಿ" ಅನ್ನುತ್ತಿದ್ದವಳು ವರ್ಷ ತುಂಬುವುದರೊಳಗೆ "ಹೂಂ ಕಣೆ, ಬಾರೆ" ಎನ್ನತೊಡಗಿದಳು. ಭಾವ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಗಂಡಹೆಂಡತಿ ಇಬ್ಬರೂ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕ ವಾಟ್ಸಾಪಿನಲ್ಲಿ ತನ್ನ ಎರಡೂ ಕೈಗಳ ಫೋಟೋ ಕಳಿಸಿದಳು. ಬೆರಳ ಗೆಣ್ಣುಗಳು ಊದಿದ್ದವು. ಮದುವೆಯ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಕೆಳಗೆ ಅವಳ ಧ್ವನಿ: "ಬೆಳಗಾಗೆದ್ದು ಮುಷ್ಟಿ ಕಟ್ಟಕ್ಕೇ ಆಗಲ್ಲ ಕಣೆ. ಬಿಸ್ಲು ಏರೋಗಂಟ ಮುದ್ದೆ ಕೋಲು ಹಿಡಿಯಕ್ಕಾಗಲ್ಲ." ಎರಡೂ ಕೈಯಲ್ಲಿ ಒಂದೇ ಸಮ ಊತ, ಬೆಳಗಿನ ಬಿಗಿತ. ನೋಡಿದ ಕೂಡಲೇ ನನಗೆ ಭಯವಾಯಿತು. ನಾನು ಇಲಿಗಳಲ್ಲಿ ವಾರಕ್ಕೊಮ್ಮೆ ಅಳೆಯುವ ಊತ ನನ್ನ ಅಕ್ಕನ ಕೈಗೆ ಬಂದು ಕೂತಿತ್ತು. ಅದು ಹಾಗೇ ಉಳಿದರೆ ಒಳಗೆ ಎಲುಬು ಏನಾಗುತ್ತದೆಂದು ನಮ್ಮ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಫೋನು ಮಾಡಿ, ಕೀಲುವಾತದ ಡಾಕ್ಟರಿಗೆ ತೋರಿಸು, ರಕ್ತಪರೀಕ್ಷೆ ಮಾಡಿಸು ಎಂದೆ. ಅವಳು ಆಗಲೇ ತಾನೇ ರೋಗ ಕಂಡುಹಿಡಿದು ಮುಗಿಸಿದ್ದಳು. "ಮೂಳೆ ಅರಗವೆ ಕಣೆ, ಇನ್ನೇನು" ಎಂದಳು. ರೋಗ ಅರಗುವುದಾದ ಮೇಲೆ ಪಥ್ಯವೂ ಅದಕ್ಕೆ ತಕ್ಕಂತೆ. ಊಟ ಅರಗಲು ಯಾವುದನ್ನು ತಿನ್ನುತ್ತೇವೋ ಅದು ಎಲುಬನ್ನೂ ಅರಗಿಸುತ್ತದೆ ಎಂದು ಲೆಕ್ಕ ಹಾಕಿ, ಮೆಣಸಿನ ಸಾರು ಬಿಟ್ಟಳು, ಶುಂಠಿ ಬಿಟ್ಟಳು, ಓಂಕಾಳು ಬಿಟ್ಟಳು, ಊಟದ ಮೇಲೆ ಎಲೆಅಡಿಕೆಯನ್ನೂ ಬಿಟ್ಟಳು. ಅವ್ವ ಇತ್ತ ರಾಯದುರ್ಗದಿಂದ ಶನಿವಾರ ನೇಮಕಲ್ಲಿನ ಆಂಜನೇಯನಿಗೆ ಹೋಗಿ ಹರಕೆ ಹೊತ್ತು ಬಂದಳು, ಮತ್ತು ಕುರಿಕಾಲಿನ ಸೂಪು ಕುಡಿಯಲು ಹೇಳಿದಳು. ಕಾಲು ತಿಂದರೆ ಕಾಲಿಗೆ ಬಲ ಬರುತ್ತದಂತೆ. "ಅಕ್ಕಗ ಬಂದಿರಾದು ಕೈಗಬೇ" ಎಂದರೆ, "ಕುರಿಗೆ ಕೈ ಎಲ್ಲೈತಬೇ?" ಎಂದು ನನ್ನನ್ನೇ ಕೇಳಿದಳು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಡಾಕ್ಟರ ಮಾತೆತ್ತಿದರೆ ಹುಳ ಅಡ್ಡ ಬರುತ್ತಿತ್ತು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಹುಳ ಗೂಡು ಕಟ್ಟುತ್ತದೆ. ನಾನು ಯಾವ ವಾರ ಫೋನು ಮಾಡಿದರೂ ಒಂದಲ್ಲ ಒಂದು ಜ್ವರ ನಡೆಯುತ್ತಿರುತ್ತಿತ್ತು. "ಮೂರ್ನೇ ಜ್ವರ ಕಣೆ, ಬಿಟ್ಟು ಬರಂಗಿಲ್ಲ." "ನಾಕ್ನೇ ಜ್ವರ ಏಳ್ತವೆ ಕಣೆ, ಹುಳ ಬಕಾಸುರನಂಗೆ ತಿಂತವೆ, ಸೊಪ್ಪು ಹಾಕೋರ್ಯಾರು?" ಹುಳದ ಜ್ವರಕ್ಕೆ ರಾತ್ರಿ ಹಗಲೆನ್ನದೆ ನಿಲ್ಲುವವಳು ತನ್ನ ಊತಕ್ಕೆ ಒಂದು ದಿನ ಬಸ್ಸು ಹತ್ತಲಾರಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಆ ದಿನಗಳಲ್ಲಿ ನಾನು ದಿನಕ್ಕೊಮ್ಮೆ ಗೊಣಗುತ್ತಿದ್ದೆ. ಊರಿಗೆಲ್ಲ ಪಾಠ ಹೇಳುವ ನಾನು ಮನೆಯವರ ಪಾಲಿಗೆ ಹಿತ್ತಲ ಗಿಡ.

ಒಂದು ಸೋಮವಾರ ಪ್ರಾಣಿಶಾಲೆಯಲ್ಲಿ ಇಲಿಗಳ ಪಾದ ಅಳೆಯುತ್ತಿದ್ದಾಗ ಅವಳ ಫೋನು ಬಂತು. ಎಡಗೈಯಲ್ಲಿ ಇಲಿ, ಕೆನ್ನೆ ಮತ್ತು ಭುಜದ ನಡುವೆ ಫೋನು. ಮತ್ತೆ ಅದೇ ರಾಗ. ಮೂಳೆ ಅರಗುತ್ತಿದೆ, ಸುಣ್ಣದ ಗುಳಿಗೆ ತಿಂದರೆ ನಿಲ್ಲುತ್ತದೆಯೇ, ಹಾಲಿಗೆ ಅರಿಸಿನ ಹಾಕಬಹುದೇ ಅಥವಾ ಅದೂ ಅರಗಿಸುತ್ತದೆಯೇ. ನನ್ನ ಪಿತ್ತ ನೆತ್ತಿಗೇರಿತು. ಅಲ್ಲಿಯೇ ನಿಂತು ಕೂಗಿದೆ: "ಅಕ್ಕಾ, ಅರಗಾದು ಗಿರಗಾದು ಎಲ್ಲ ಬಿಡು. ಎಲುಬಿನ ಚಿಂತಿ ನಿನಗ ಬ್ಯಾಡ. ಮದ್ಲು ಊತ ಇಳಸು. ಊತ ಇಳಿದ್ರ ಎಲುಬು ಉಳಿತಾವ. ನನ್ನ ಇಲಿಗಳೊಳಗ ನಾನ ಕಣ್ಣಾರೆ ನೋಡೀನಿ."

ಅಕ್ಕ ಕೇಳಿದಳು: "ನಿನ್ ಇಲಿಗಳ್ದು ಇಳೀತಾ?"

"ಇಳೀತು."

"ಮೂಳೆ ಉಳುದ್ವಾ?"

"ಉಳದ್ವು."

"ಸದ್ಯ, ಪಾಪ" ಎಂದು ಫೋನು ಇಟ್ಟಳು. ಕಡೆಗೂ ಒಂದು ಮಾತು ಅವಳ ತಲೆಗೆ ಇಳಿಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ವಿಜ್ಞಾನವನ್ನು ಜನರ ಮಾತಿನಲ್ಲಿ ಹೇಳಬೇಕು ಎಂದು ಆ ವಾರ ತರಗತಿಯಲ್ಲಿ ಒಂದು ಸಣ್ಣ ಭಾಷಣವನ್ನೂ ಬಿಗಿದೆ.

ತಿಂಗಳೊಳಗೆ ಇನ್ನೊಂದು ಫೋಟೋ ಬಂತು. ಉಂಗುರ ಅಂಗೈಯಲ್ಲಿ, ಬೆರಳು ಖಾಲಿ. ಊತ ಇಳಿದು ಉಂಗುರ ತಾನೇ ಜಾರಿತ್ತು. "ಡಾಕ್ಟ್ರಿಗೆ ತೋರಿಸಿದೇನು?" ಎಂದು ಕೇಳಿದೆ. "ಹೂಂ, ಡಾಕ್ಟ್ರೇ ಕೊಟ್ಟಿದ್ದು. ಮೂರೇ ದಿವ್ಸಕ್ಕೆ ಇಳೀತು" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಯಾವ ಡಾಕ್ಟರು, ಏನು ಕೊಟ್ಟರು ಎಂದು ಕೇಳಲಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹಾಗೆ ಏನು ಕೊಟ್ಟೆನೆಂದು ಬರೆಯದೆ ಇಲಿಗೆ ಔಷಧ ಕೊಟ್ಟಿದ್ದರೆ ದಾಖಲೆ ಪುಸ್ತಕವನ್ನು ಮುಖಕ್ಕೆ ಎಸೆಯುತ್ತಿದ್ದೆ.

ಮುಂದಿನ ಯುಗಾದಿಗೆ ಅಕ್ಕ ರಾಯದುರ್ಗಕ್ಕೆ ಬಂದಳು. ಕೆನ್ನೆ ದುಂಡಗಾಗಿತ್ತು, ಕತ್ತಿನ ಹಿಂದೆ ಮಾಂಸ ತುಂಬಿತ್ತು. ಎಷ್ಟೋ ವರ್ಷದ ಮೇಲೆ ಜೋಳದ ರೊಟ್ಟಿ ಬಡಿದಳು. "ಮುಖ ತುಂಬ್ಕೊಂಡೈತಿ ಅಕ್ಕಾ, ಲಕ್ಷಣ ಬಂದೈತಿ" ಎಂದು ನಾನೇ ಹೊಗಳಿದೆ. ಅವ್ವ ದೃಷ್ಟಿ ತೆಗೆದಳು. ಯಾವ ಗುಳಿಗೆ ತಿಂದರೆ ಮುಖ ಹಾಗೆ ದುಂಡಗಾಗುತ್ತದೆ ಎಂದು ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಬರೆದು ಕಲಿಸುವವಳು ನಾನು. ಅದೇ ಮುಖವನ್ನು ಎದುರಿಗೆ ಕೂರಿಸಿಕೊಂಡು ಹೋಳಿಗೆ ತಿಂದೆ.

ಊತ ಇಳಿದು ಎರಡು ವರ್ಷ ತುಂಬುವ ಹೊತ್ತಿಗೆ ಭಾವನ ಫೋನು ಬಂತು. ಅವರು ತಾವಾಗಿ ಫೋನು ಮಾಡುವವರಲ್ಲ. "ನಿಮ್ಮಕ್ಕ ಮುದ್ದೆ ತಪ್ಪಲೆ ಇಳಿಸ್ತಿದ್ಲು ಕಣಮ್ಮ. ಬೆನ್ನಲ್ಲಿ ಟಕ್ ಅಂತಂತೆ. ಅಲ್ಲೇ ಕುಂತ್ಕಂಡ್ಳು. ಮೂರು ದಿವ್ಸ ಆಯ್ತು, ಏಳಂಗಿಲ್ಲ."

"ಮೂರು ದಿನದಿಂದ ಏನ್ ಮಾಡಿದ್ರಿ?"

"ಹುಳ ನಾಕ್ನೇ ಜ್ವರದಲ್ಲಿದ್ವು."

ಅದಕ್ಕೆ ನಾನೇನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಫೋನಿನಲ್ಲಿ ಹೇಳಿದರೆ ಅವ್ವ ಹೆದರುತ್ತಾಳೆಂದು ಮೊದಲು ರಾಯದುರ್ಗಕ್ಕೆ ಹೋಗಿ ಅವಳಿಗೆ ತಿಳಿಸಿ, ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಅಲ್ಲಿಂದ ಮಡಕಶಿರ ಎಂದು ಮೂರು ಬಸ್ಸು ಹತ್ತಿ ಇಳಿದೆ. ಆಂಧ್ರದಲ್ಲಿ ಹೊರಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ಆ ದಾರಿ ನನಗೆ ಹುಟ್ಟಿದಾಗಿನಿಂದ ಗೊತ್ತು. ಅಂದು ಮಾತ್ರ ಪ್ರತಿ ಸ್ಟಾಪಿನಲ್ಲೂ ಚಾಲಕನ ಮೇಲೆ ಸಿಟ್ಟು ಬರುತ್ತಿತ್ತು.

ಅಕ್ಕ ನಡುಮನೆಯಲ್ಲಿ ಮಂಚದ ಮೇಲೆ ಒಂದೇ ಮಗ್ಗುಲಾಗಿ ಮಲಗಿದ್ದಳು. ಪಕ್ಕದ ಕೊಟ್ಟಿಗೆಯಲ್ಲಿ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ನನ್ನನ್ನು ನೋಡಿ, "ಬಂದ್ಯಾ? ಉಂಡ್ಯಾ?" ಎಂದಳು. ಕೈಗಳನ್ನು ನೋಡಿದೆ. ಒಂದಿಷ್ಟೂ ಊತವಿಲ್ಲ. ಆ ತೆಳ್ಳನೆ ಬೆರಳುಗಳನ್ನು ನೋಡಿದಾಗಲೇ, ಇವಳು ತಿಂದದ್ದೇನು ಎಂಬ ಅನುಮಾನ ನನಗೆ ಬಂತು.

ಅಷ್ಟರಲ್ಲಿ ಹೊರಗೆ ಗಾಡಿ ನಿಂತು, ಚರ್ಮದ ಚೀಲ ಹಿಡಿದ ಒಬ್ಬ ಮನುಷ್ಯ ಒಳಗೆ ಬಂದ. "ಡಾಕ್ಟ್ರು ಬಂದ್ರು" ಎಂದು ಭಾವ ಎದ್ದು ನಿಂತರು. ಹಳ್ಳಿಹಳ್ಳಿ ತಿರುಗಿ ಸೂಜಿ ಹಾಕುವ, ಡಿಗ್ರಿ ಇಲ್ಲದ ಆರೆಂಪಿ. ನಮ್ಮ ಕಡೆ ಎಲ್ಲರೂ ಇವರನ್ನು ಡಾಕ್ಟ್ರು ಎಂದೇ ಕರೆಯುತ್ತಾರೆ. ನಾನೂ ಚಿಕ್ಕಂದಿನಿಂದ ಹಾಗೇ ಕರೆದವಳು. ಅಕ್ಕ "ಡಾಕ್ಟ್ರೇ ಕೊಟ್ಟಿದ್ದು" ಎಂದದ್ದು ಈತನನ್ನು. ಕೊಟ್ಟಿದ್ದೇನು ಎಂದು ಕೇಳಿದೆ. ಅಕ್ಕ ದಿಂಬಿನ ಪಕ್ಕದ ಬಿಸ್ಕತ್ತಿನ ಡಬ್ಬಿ ತೋರಿಸಿದಳು. ಅದರ ತುಂಬ ಪುಟ್ಟ ಬಿಳಿ ಗುಳಿಗೆಗಳ ಬೆಳ್ಳಿಹಾಳೆಯ ಪಟ್ಟಿಗಳು. ಹೆಸರು ಓದಿದೆ. ಸ್ಟೀರಾಯ್ಡ್. ಎರಡು ವರ್ಷ, ಬೆಳಿಗ್ಗೆ ಒಂದು, ಸಂಜೆ ಒಂದು, ತಪ್ಪದೆ.

ಊತ ಇಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ದಿನವೂ ತಿನ್ನುತ್ತಾ ಹೋದರೆ ಎಲುಬು ಕಟ್ಟುವ ಕೋಶಗಳ ಕೈಯನ್ನೇ ಅದು ಕಟ್ಟಿಹಾಕುತ್ತದೆ. ಊತ ಎಲುಬನ್ನು ಕರಗಿಸುತ್ತದೆ, ಊತ ಇಳಿಸಲು ತಿಂದ ಗುಳಿಗೆ ಎಲುಬು ಮತ್ತೆ ಹುಟ್ಟದಂತೆ ನೋಡಿಕೊಳ್ಳುತ್ತದೆ. ಇದು ನನ್ನ ಎರಡನೇ ವರ್ಷದ ಹುಡುಗಿಯರಿಗೂ ಗೊತ್ತಿರುವ ವಿಷಯ.

ಆ ಮನುಷ್ಯನನ್ನು ನಾನು ಬೈದ ಬೈಗುಳಕ್ಕೆ ಹುಳಗಳೂ ಮೇಯುವುದನ್ನು ನಿಲ್ಲಿಸಿರಬೇಕು. ಆತ ತೆಲುಗಿನಲ್ಲಿ, ಅಷ್ಟೇ ಮೆತ್ತಗೆ, "ನಾನೇನು ಮಾಡಲಮ್ಮಾ? ಹದಿನೈದು ದಿನಕ್ಕೆ ಮಾತ್ರ ಕೊಟ್ಟಿದ್ದೆ. ಆಮೇಲೆ ನಿಮ್ಮಕ್ಕನೇ ಖಾಲಿ ಪಟ್ಟಿ ತೋರಿಸಿ ಅಂಗಡಿಯಲ್ಲಿ ತರಿಸಿಕೊಂಡಳು. ಊತ ಮತ್ತೆ ಬರಲೇಬಾರದು ಅನ್ನುತ್ತಿದ್ದಳು" ಎಂದ. ನಾನು ಭಾವನ ಕಡೆ ತಿರುಗಿದೆ. ಅವರು, "ಕೈ ಊತಕ್ಕೂ ಬೆನ್ನಿಗೂ ಏನು ಸಂಬಂಧ ಅಂತ ನಮ್ಗೆಂಗೆ ಗೊತ್ತಾಗ್ಬೇಕಮ್ಮ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಪ್ರಶ್ನೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡಬ್ಬಿ ಕಿತ್ತುಕೊಂಡು ಹಿತ್ತಲಿಗೆ ನಡೆದೆ. ಅಲ್ಲಿ ತಿಪ್ಪೆ. ಹುಳ ತಿಂದುಳಿದ ಕಡ್ಡಿ, ಹಿಕ್ಕೆ, ಸಗಣಿ. ಅದರ ಮೇಲೆ ಡಬ್ಬಿ ಎಸೆಯಲು ಕೈಯೆತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಎರಡು ವರ್ಷ ಹೊರಗಿನಿಂದ ಈ ಗುಳಿಗೆ ಬಂದರೆ, ದೇಹ ತಾನು ದಿನವೂ ತಯಾರಿಸಬೇಕಾದ ಅದೇ ರಸವನ್ನು ತಯಾರಿಸುವುದನ್ನೇ ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ಯಾವ ವಿಷವನ್ನು ತಿಪ್ಪೆಗೆ ಹಾಕಬೇಕೆಂದು ಬಂದೆನೋ ಅದನ್ನೇ ಒಳಗೆ ಒಯ್ದು ಸಂಜೆ ಅವಳಿಗೆ ತಿನ್ನಿಸಬೇಕು. ಡಬ್ಬಿಯನ್ನು ಎದೆಗೊತ್ತಿಕೊಂಡು ತಿಪ್ಪೆಯ ಪಕ್ಕ ನಿಂತು ಅತ್ತೆ. ದುಃಖಕ್ಕಲ್ಲ, ಕೋಪಕ್ಕೆ.

ಮರುದಿನ ಕಾರು ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ, ಅಕ್ಕನನ್ನು ತುಮಕೂರಿನ ಕೀಲುವಾತದ ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸಮಾಧಾನದ ಹೆಂಗಸು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆನ್ನಿನ ಒಂದು ಎಲುಬು, ಮೇಲಿಂದ ಯಾರೋ ಒತ್ತಿದ ಹಸಿ ಇಟ್ಟಿಗೆಯ ಹಾಗೆ, ಚಪ್ಪಟೆಯಾಗಿತ್ತು. ಅಕ್ಕ ಮಲಗಿದಲ್ಲಿಂದಲೇ "ಅರಗೋಗೈತಾ ಮೇಡಮ್ಮು?" ಎಂದು ಕೇಳಿದಳು. ನಾನು ಹಲ್ಲು ಕಚ್ಚಿಕೊಂಡೆ.

ಡಾಕ್ಟರು ಡಬ್ಬಿಯ ಪಟ್ಟಿಗಳನ್ನು ನೋಡಿದರು. "ಎರಡು ವರ್ಷ ಇದನ್ನ ಬಿಡದೆ ತಗೊಂಡಿದ್ದೀರಲ್ಲಮ್ಮ, ತಗೊಳ್ಳಿ ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

ಆರೆಂಪಿಯ ಹೆಸರು ಹೇಳುತ್ತಾಳೆ, ಆಮೇಲೆ ನಾನೊಂದಿಷ್ಟು ಸೇರಿಸಬಹುದು ಎಂದು ಬಾಯಿ ತೆರೆದು ಕಾದಿದ್ದೆ. ಅಕ್ಕ ಕಷ್ಟಪಟ್ಟು ತಲೆ ಹೊರಳಿಸಿ ನನ್ನ ಕಡೆ ಬೊಟ್ಟು ಮಾಡಿದಳು. "ನಮ್ ತಂಗಿ. ಇಲಿ ಡಾಕ್ಟ್ರು. ಕಾಲೇಜಲ್ಲಿ ಇದೇ ಪರೀಕ್ಷೆ ಮಾಡ್ತಾಳೆ" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಆಮೇಲೆ, ಇಪ್ಪತ್ತೈದು ವರ್ಷದಿಂದ ಮಡಕಶಿರದ ಮಾತೇ ಆಡುತ್ತಿದ್ದವಳು, ಆ ಒಂದು ವಾಕ್ಯವನ್ನು ತವರಿನ ಮಾತಿನಲ್ಲಿ, ನಾನು ಹೇಳಿದ ಹಾಗೇ, ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು: "ಊತ ಇಳಿದ್ರ ಎಲುಬು ಉಳಿತಾವ."

ಡಾಕ್ಟರು ನನ್ನ ಕಡೆ ನೋಡಿದರು.

ನಾನು ಆ ಕುರ್ಚಿಯಲ್ಲಿ ಕೂತು ಫೋನಿನ ಆ ಸೋಮವಾರವನ್ನು ನೆನೆಸಿಕೊಂಡೆ. ಮಾತು ತಪ್ಪಾಗಿರಲಿಲ್ಲ, ಅರ್ಧವಾಗಿತ್ತು. ಯಾವುದರಿಂದ ಇಳಿಸಬೇಕು ಎಂಬ ಉಳಿದರ್ಧ ನನ್ನ ಬಾಯಲ್ಲೇ ಉಳಿದಿತ್ತು, ಏಕೆಂದರೆ ನನಗೆ ಸಿಟ್ಟು ಬಂದಿತ್ತು ಮತ್ತು ಕೈಯಲ್ಲಿ ಇಲಿಯಿತ್ತು. ಊತ ಎಷ್ಟು ಬೇಗ ಇಳಿದರೆ ಅಷ್ಟು ಎಲುಬು ಉಳಿಯುತ್ತದೆ ಎಂದು ಅವಳು ತಿಳಿದಳು. ಮೂರು ದಿನಕ್ಕೆ ಇಳಿಸುವ ಗುಳಿಗೆ ಸಿಕ್ಕಿತು. ಬೆರಳು ತುಸು ಬಿಗಿದರೂ ಎಲುಬು ಹೋಯಿತೆಂದು ಹೆದರಿ ಇನ್ನೊಂದು ನುಂಗಿದಳು. ಮೆಣಸಿನ ಸಾರಿನ ವಿಷಯದಲ್ಲಿ ನನ್ನ ಮಾತು ಕೇಳಲಿಲ್ಲ, ಬಸ್ಸು ಹತ್ತುವ ವಿಷಯದಲ್ಲಿ ಕೇಳಲಿಲ್ಲ, ಈ ಒಂದನ್ನು ಕೇಳಿದಳು. ಹಿತ್ತಲ ಗಿಡವನ್ನು ಅವಳು ಮದ್ದೆಂದೇ ನಂಬಿದ್ದಳು.

ಡಾಕ್ಟರು ಗುಳಿಗೆಯನ್ನು ವಾರವಾರಕ್ಕೆ ಇಷ್ಟಿಷ್ಟೇ ಇಳಿಸುತ್ತಾ ಬರಬೇಕೆಂದು ಬರೆದುಕೊಟ್ಟರು. ಊತದ ಬೇರಿಗೆ ವಾರಕ್ಕೊಂದು ಸಲ ತಿನ್ನುವ ಬೇರೆ ಗುಳಿಗೆ, ಎಲುಬಿಗೆ ಇನ್ನೊಂದು. ತಪ್ಪಲೆ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ನಾನು ಕಾಲೇಜಿಗೆ ರಜೆ ಹಾಕಿ ಅಕ್ಕನ ಮನೆಯಲ್ಲಿ ಉಳಿದೆ. ಮುದ್ದೆ ತಿರುವಲು ಕಲಿತೆ. ಗಂಟು ಬಿದ್ದ ನನ್ನ ಮುದ್ದೆಯನ್ನು ಭಾವ ಒಂದು ಮಾತಾಡದೆ ನುಂಗಿದರು.

ಗುಳಿಗೆ ಅರ್ಧ ಮಾಡುವ ಕೆಲಸ ನನ್ನದು. ಉಗುರಿನಲ್ಲಿ ಮುರಿದರೆ ಪುಡಿಯಾಗುತ್ತಿತ್ತು. ಅಕ್ಕ ಎಲೆಅಡಿಕೆ ಬಿಟ್ಟ ಮೇಲೆ ಮೂಲೆ ಸೇರಿದ್ದ ಅಡಕತ್ತರಿಯನ್ನು ತೊಳೆದು, ಅದರಲ್ಲಿ ಕತ್ತರಿಸತೊಡಗಿದೆ. ಒಂದು ಬೆಳಿಗ್ಗೆ ಹಾಗೆ ಕತ್ತರಿಸುತ್ತಾ ಅವಳಿಗೆ ಸತ್ಯ ಒಪ್ಪಿಕೊಂಡೆ. ಎಲುಬು ಕರಗಿಸುವ ಆ ಕೋಶಗಳು ಮಾಡುವುದು ಹೊಟ್ಟೆ ಮಾಡುವ ಕೆಲಸವನ್ನೇ. ಎಲುಬಿಗೆ ಅಂಟಿಕೊಂಡು, ಆಮ್ಲ ಸುರಿದು, ಜೀರ್ಣಿಸಿಕೊಳ್ಳುತ್ತವೆ. ನೀವೆಲ್ಲ ಅಂದದ್ದೇ ಸರಿ, ಎಲುಬು ಸವೆಯುವುದಿಲ್ಲ, ಅರಗುತ್ತದೆ.

ಅಕ್ಕನ ಮುಖ ಅರಳಿತು. "ಮತ್ತೆ ಇಪ್ಪತ್ತೊರ್ಷ ನಮ್ಮನ್ನ ಬೈದ್ಯಲ್ಲೆ! ಹಂಗಾರೆ ನಾನು ಮೆಣಸಿನ ಸಾರು ಬಿಟ್ಟಿದ್ದು ಸರಿನೇ ಅನ್ನು."

"ಅಲ್ಲ!" ಎಂದು ಚೀರಿದೆ. ಕೊಟ್ಟಿಗೆಯಿಂದ ಭಾವ ಇಣುಕಿ ನೋಡಿ ಹೋದರು. ಅವತ್ತು ಮಧ್ಯಾಹ್ನ ಹಟಕ್ಕೆ ಮೆಣಸಿನ ಸಾರನ್ನೇ ಮಾಡಿ ಬಡಿಸಿದೆ.

ಇಳಿಸುವ ವಾರಗಳು ಸುಲಭವಾಗಿರಲಿಲ್ಲ. ಊತ ಮೆಲ್ಲಗೆ ಮರಳಿ ಬಂತು, ಹೊಸ ಗುಳಿಗೆ ಕೆಲಸ ಶುರುಮಾಡಲು ಇನ್ನೂ ಹೊತ್ತಿತ್ತು. ಒಂದು ಬೆಳಿಗ್ಗೆ ಅವಳು ಮುಷ್ಟಿ ಕಟ್ಟಲಾರದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅಡಕತ್ತರಿಯಲ್ಲಿ ಗುಳಿಗೆ ಕತ್ತರಿಸಿದೆ.

"ನಿನ್ ಇಲಿಗಳಿಗೂ ಹಿಂಗೇ ಅರ್ಧರ್ಧ ಮಾಡಿ ನಿಧಾನಕ್ಕೆ ಬಿಡಿಸ್ತೀಯಾ?" ಎಂದು ಕೇಳಿದಳು.

"ಇಲ್ಲ. ಅವಕ್ಕ ಬಿಡಿಸಾ ಹೊತ್ತು ಬರಂಗಿಲ್ಲ."

"ಯಾಕೆ? ಊತ ಇಳೀತು, ಮೂಳೆ ಉಳುದ್ವು ಅಂದಿದ್ದೆ. ಎಲ್ಲವೆ ಈಗ ಅವು?"

ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಪಂಜರದಲ್ಲಿ ಆರಾಮಾಗಿವೆ ಎನ್ನಬಹುದಿತ್ತು. ಅರ್ಧ ಹೇಳಿ ಇನ್ನರ್ಧ ಬಿಡುವ ಅಭ್ಯಾಸ ನನಗೆ ಇದ್ದೇ ಇತ್ತು. ಈ ಸಲ ಪೂರ್ತಿ ಹೇಳಿದೆ.

"ಎಲುಬು ಉಳಿದಾವ ಅಕ್ಕಾ. ಚೀಟಿ ಹಚ್ಚಿ ಸೀಸೆಯೊಳಗ ಇಟ್ಟೀನಿ. ಇಲಿ ಇಲ್ಲ. ಎಲುಬು ಎಷ್ಟು ಗಟ್ಟಿ ಅದಾವ ಅಂತ ನೋಡಬೇಕಂದ್ರ ಹೊರಗ ತಗೀಬೇಕು. ತಗೀಬೇಕಂದ್ರ ಅದನ್ನ ಕೊಲ್ಲಬೇಕು."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಬಯಸಿದೆ. ಅವಳು ಊದಿದ ಅಂಗೈಯನ್ನು ನನ್ನ ಮುಂದೆ ಚಾಚಿದಳು.

"ಹಂಗಾರೆ ನೀನು ಸುಳ್ಳೇನೂ ಹೇಳಿರ್ಲಿಲ್ಲ ಬಿಡು" ಎಂದಳು. "ಕೊಡು ಇಲ್ಲಿ."

ಅರ್ಧ ಗುಳಿಗೆಯನ್ನು ಅವಳ ಕೈಯಲ್ಲಿಟ್ಟೆ. ನೀರಿಲ್ಲದೆ ನುಂಗಿದಳು. ಈಗ ಅವಳು ಎದ್ದು ಓಡಾಡುತ್ತಾಳೆ, ಬೆನ್ನು ಕೊಂಚ ಬಾಗಿದೆ, ಮುದ್ದೆ ತಿರುವುವುದು ಭಾವನ ಪಾಲಿಗೆ ಬಂದಿದೆ. ಆಗಾಗ ಫೋನು ಮಾಡಿ, "ಇಲಿ ಡಾಕ್ಟ್ರೇ, ಈ ವಾರದ ಗುಳಿಗೆ ನುಂಗ್ಲಾ?" ಎಂದು ನನ್ನನ್ನೇ ಕೇಳುತ್ತಾಳೆ. ಇನ್ನೂ ನನ್ನನ್ನೇ. ಅದೊಂದು ನನಗೆ ಇವತ್ತಿಗೂ ಅರಗಿಲ್ಲ.